ಮ್ಯಾಕ್ ಅಲ್ಲದ ಮ್ಯಾಕ್: ಬಳ್ಳಾರಿಯ ಒಂದು ಮದುವೆ ಸ್ಟುಡಿಯೋದ ಪ್ರಕರಣ

ರಾತ್ರಿ ಒಂಬತ್ತೂವರೆ. ಅಂಗಡಿ ಶಟರ್ ಅರ್ಧ ಎಳೆದಿದ್ದೆ. ಕೌಲ್ ಬಜಾರ್ ಕಡೆಯ ಒಂದು ಫೋಟೋ ಸ್ಟುಡಿಯೋದವರು ಆಟೋದಲ್ಲಿ ಬಂದಿಳಿದರು. ಮಾಲೀಕರು, ಅವರ ಅಕ್ಕನ ಮಗ, ಜೊತೆಗೆ ಹೊದಿಕೆಯಲ್ಲಿ ಸುತ್ತಿದ ಒಂದು ಸಿಪಿಯು. "ಅಣ್ಣ, ಎರಡು ಮದುವೆ ಇದರಾಗ ಸಿಕ್ಕೊಂಡಾವೆ" ಅಂದರು ಮಾಲೀಕರು. ಅವರು ನನಗಿಂತ ಹತ್ತು ವರ್ಷ ದೊಡ್ಡವರು. ಅಣ್ಣ ಅಂದಾಗಲೇ ಕಷ್ಟ ದೊಡ್ಡದು ಅಂತ ಗೊತ್ತಾಯಿತು.

ಆನ್ ಮಾಡಿ ನೋಡಿದೆ. ಕಚ್ಚಿದ ಸೇಬು ಬಂತು. ಕೆಳಗಿನ ಗೆರೆ ಅರ್ಧದವರೆಗೆ ಹೋಗಿ ನಿಂತಿತು. ಸ್ವಲ್ಪ ಹೊತ್ತಿಗೆ ಮಷಿನ್ ತಾನೇ ರೀಸ್ಟಾರ್ಟ್ ಆಯಿತು. ಮತ್ತೆ ಸೇಬು, ಮತ್ತೆ ಅರ್ಧ ಗೆರೆ. ಗುರುತು ಆಪಲ್‌ನದು, ಮಷಿನ್ ಮಾತ್ರ ಆಪಲ್‌ನದಲ್ಲ. ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಇಂಟೆಲ್ ಐ7, ರೇಡಿಯಾನ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್, ಎರಡು ದೊಡ್ಡ ಡಿಸ್ಕ್. ಅಂಗಡಿಯಲ್ಲಿ ಜೋಡಿಸಿದ ಪಿಸಿ. ಅದರ ಮೇಲೆ ಮ್ಯಾಕ್ ಓಎಸ್, ಅಂದರೆ ಆಪಲ್ ತನ್ನ ಮ್ಯಾಕ್ ಕಂಪ್ಯೂಟರ್‌ಗಳಿಗೆ ಅಂತ ಮಾಡಿದ ಆಪರೇಟಿಂಗ್ ಸಿಸ್ಟಂ. ಇಂಥ ಮಷಿನ್‌ಗೆ ಹ್ಯಾಕಿಂಟಾಶ್ ಅಂತ ಹೆಸರು. ಆಪಲ್‌ನ ಲೈಸೆನ್ಸ್ ಇದಕ್ಕೆ ಒಪ್ಪಲ್ಲ.

ಇದನ್ನು ರಿಪೇರಿ ಮಾಡಬೇಕಾ ಬೇಡವಾ ಅಂತ ನಾನು ಎರಡು ದಿನ ಒದ್ದಾಡಿದೆ. ಆ ಎರಡು ದಿನದ ಲೆಕ್ಕ ಇದು. ಸ್ಟುಡಿಯೋದವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಮಷಿನ್ ಬಂದದ್ದು ಹೇಗೆ

ಹುಡುಗ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಎರಡು ವರ್ಷ ಎಡಿಟಿಂಗ್ ಕಲಿತಿದ್ದ. ಅಲ್ಲಿ ಎಲ್ಲರೂ ಆಪಲ್‌ನ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಬಳಸುತ್ತಿದ್ದರು. ಕಂಪ್ಯೂಟರ್‌ಗಳ ಪೈಕಿ ಅದು ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ. ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ಇಲ್ಲೇ ಉಳಿದ. ಹಳೇ ಸ್ಟುಡಿಯೋದವರು ಅವನನ್ನು ಬಿಡಲಿಲ್ಲ. ಹಾರ್ಡ್ ಡಿಸ್ಕ್ ಪಾರ್ಸೆಲ್ ಮಾಡಿ ಎಡಿಟಿಂಗ್ ಕೆಲಸ ಕಳಿಸತೊಡಗಿದರು. ಒಳ್ಳೆ ದುಡ್ಡು. ಆದರೆ ಕೆಲಸ ಬರುವುದೇ ಫೈನಲ್ ಕಟ್ ಲೈಬ್ರರಿಯಾಗಿ, ಅಂದರೆ ಕ್ಲಿಪ್, ಎಡಿಟ್ ಎಲ್ಲ ಸೇರಿದ ಅದರದೇ ಫೈಲ್ ಆಗಿ. ಬೇರೆ ಸಾಫ್ಟ್‌ವೇರ್‌ನಲ್ಲಿ ಅದು ನೇರವಾಗಿ ತೆರೆಯಲ್ಲ.

2021ರಲ್ಲಿ ಮಷಿನ್ ಹುಡುಕಿದರು. ಆಗ ಎಂ1 ಚಿಪ್‌ನ ಮ್ಯಾಕ್ ಮಿನಿ 64,900 ರೂಪಾಯಿಯಿಂದ ಶುರು. ಅದಕ್ಕೆ 8 ಜಿಬಿ ರ‍್ಯಾಮ್, 256 ಜಿಬಿ ಜಾಗ. ಒಂದು ಮದುವೆಯ ಫುಟೇಜೇ ಅದರಲ್ಲಿ ಹಿಡಿಯಲ್ಲ. ರ‍್ಯಾಮ್ ಜಾಸ್ತಿ ಬೇಕು ಅಂದರೆ ಕೊಳ್ಳುವಾಗಲೇ ಆಪಲ್ ಹೇಳಿದ ಬೆಲೆ ಕೊಡಬೇಕು, ಆಮೇಲೆ ಹಾಕಿಸಲು ಬರಲ್ಲ. ಅಷ್ಟರಲ್ಲಿ ಒಬ್ಬ ಅಂಗಡಿಯವರು, "72,000 ಕೊಡಿ, 32 ಜಿಬಿ ಹಾಕಿ ಮ್ಯಾಕೂ ಹಾಕಿ ಕೊಡ್ತೀವಿ" ಅಂದರು. ಕೊಟ್ಟರು. ಬಿಲ್‌ನಲ್ಲಿ ಬರೆದದ್ದು "ಅಸೆಂಬಲ್ಡ್ ಕಂಪ್ಯೂಟರ್" ಅಂತ ಮಾತ್ರ. ಫೈನಲ್ ಕಟ್ ಕೂಡ ಅವರೇ ಹಾಕಿಕೊಟ್ಟರು. ಅದು ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬಳಸಲು ಬೀಗ ಮುರಿದ ಪ್ರತಿ.

ಹುಡುಗನಿಗೆ ಇದು ಏನು ಅಂತ ಗೊತ್ತಿತ್ತು. ಮಾವನಿಗೆ ಗೊತ್ತಿರಲಿಲ್ಲ. "ಡಬ್ಬಿ ಲೋಕಲ್, ಒಳಗೆ ಮ್ಯಾಕ್" ಅಂತ ಅವರು ನಂಬಿದ್ದರು. ನ್ಯಾಯವಾಗಿ ಹೇಳಬೇಕೆಂದರೆ ಮಷಿನ್ ಮೂರು ವರ್ಷಕ್ಕೂ ಜಾಸ್ತಿ ಚೆನ್ನಾಗಿ ದುಡಿಯಿತು. ಬಳ್ಳಾರಿಯ ಬಿಸಿಲು, ಧೂಳು, ಕರೆಂಟ್ ಆಟ ಎಲ್ಲ ತಡೆಯಿತು. ಸಾಮಾನು ಒಳ್ಳೆಯದೇ ಹಾಕಿದ್ದರು.

ಕೆಟ್ಟದ್ದು ಒಂದು ಬಟನ್‌ನಿಂದ. ಬೆಂಗಳೂರಿನವರು ಫೈನಲ್ ಕಟ್ ಅಪ್‌ಡೇಟ್ ಮಾಡಿಕೊಂಡರು. ಹೊಸದರಲ್ಲಿ ತೆರೆದ ಲೈಬ್ರರಿ ಹಳೆಯದರಲ್ಲಿ ತೆರೆಯಲ್ಲ. ಹೊಸ ಫೈನಲ್ ಕಟ್‌ಗೆ ಹೊಸ ಮ್ಯಾಕ್ ಓಎಸ್ ಬೇಕು. ಹುಡುಗ ಸೊನೋಮಾ ಅನ್ನೋ ಹೊಸ ಆವೃತ್ತಿಗೆ ಅಪ್‌ಡೇಟ್ ಕೊಟ್ಟು ಮಲಗಿದ. ಈ ಮಷಿನ್ ಮ್ಯಾಕ್ ತರ ನಟಿಸಲು ಓಪನ್‌ಕೋರ್ ಅನ್ನೋ ಬೂಟ್‌ಲೋಡರ್, ಅಂದರೆ ಆನ್ ಆದಾಗ ಓಎಸ್ ಎಬ್ಬಿಸುವ ಸಣ್ಣ ಪ್ರೋಗ್ರಾಂ, ಬೇಕು. ಅದು 2021ರದ್ದೇ ಇತ್ತು. ಬೆಳಗ್ಗೆ ಎದ್ದರೆ ಅರ್ಧ ಗೆರೆ.

ಮೊದಲು ಫುಟೇಜ್

ಆ ರಾತ್ರಿ ಲೈಸೆನ್ಸ್ ಬಗ್ಗೆ ನಾನು ಯೋಚಿಸಲೇ ಇಲ್ಲ. ಡಿಸ್ಕ್‌ನಲ್ಲಿ ಎರಡು ಮನೆಯವರ ಮದುವೆ ಇತ್ತು. ಒಂದು ಮನೆಯಲ್ಲಿ ಮದುವೆಯಾದ ಹದಿನೈದು ದಿನಕ್ಕೆ ಹುಡುಗಿಯ ಅಜ್ಜ ತೀರಿಕೊಂಡಿದ್ದರು. ಅವರು ಅಕ್ಷತೆ ಹಾಕಿದ ದೃಶ್ಯ ಈ ಡಿಸ್ಕ್‌ನಲ್ಲಿ ಮಾತ್ರ ಇತ್ತು. ಕ್ಯಾಮೆರಾ ಕಾರ್ಡ್‌ಗಳನ್ನು ಆಗಲೇ ಅಳಿಸಿ ಮುಂದಿನ ಮದುವೆಗೆ ಬಳಸಿದ್ದರು. ಬ್ಯಾಕಪ್ ಇರಲಿಲ್ಲ.

ಡಿಸ್ಕ್ ಎಪಿಎಫ್‌ಎಸ್ ರೂಪದಲ್ಲಿತ್ತು. ಆಪಲ್‌ನದೇ ಆದ ಈ ರೂಪವನ್ನು ವಿಂಡೋಸ್ ತಾನಾಗಿ ಓದಲ್ಲ. ಬೂಟ್‌ಲೋಡರ್ ಸರಿ ಮಾಡಿದ್ದರೆ ಮಷಿನ್ ಎದ್ದು ಕೂರುತ್ತಿತ್ತು, ಸುಲಭದ ದಾರಿ. ನಾನು ಲಿನಕ್ಸ್ ಪೆನ್ ಡ್ರೈವ್‌ನಿಂದ ಆನ್ ಮಾಡಿದೆ. ಎಪಿಎಫ್‌ಎಸ್ ಅನ್ನು ಓದಲು ಮಾತ್ರ ಬಿಡುವ ಒಂದು ಉಚಿತ ಸಾಧನ ಇದೆ, ಅದರಿಂದ ಡಿಸ್ಕ್ ತೆರೆದೆ. 1.4 ಟಿಬಿ ಕಾಪಿ ಮುಗಿಯುವಾಗ ಬೆಳಗಿನ ಜಾವ. ಹುಡುಗ ಬೆಂಚಿನ ಮೇಲೆ ಕೂತೇ ಇದ್ದ. ಅಜ್ಜನ ಕ್ಲಿಪ್ ಓಡಿದಾಗ ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಫುಟೇಜ್ ಉಳಿಸಿಕೊಡುವುದು ಒಂದು ಕೆಲಸ, ಆ ಮಷಿನ್ ಅನ್ನು ಮತ್ತೆ ಮ್ಯಾಕ್ ಮಾಡಿಕೊಡುವುದು ಬೇರೆ ಕೆಲಸ. ನನ್ನ ಕಸುಬಿನವರು ಎರಡನ್ನೂ ಒಂದೇ ಬಿಲ್‌ನಲ್ಲಿ ಸೇರಿಸಿಬಿಡುತ್ತೇವೆ. ಈ ಪ್ರಕರಣದಲ್ಲಿ ಅವನ್ನು ಬೇರೆ ಮಾಡಿದ್ದರಿಂದಲೇ ನನಗೆ ಯೋಚನೆ ಮಾಡಲು ಜಾಗ ಸಿಕ್ಕಿತು.

"ಪುಕ್ಕಟೆ ಐತಲ್ಲ, ಕದ್ದಂಗೆ ಹೆಂಗಾತು?"

ಬೆಳಗ್ಗೆ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುತ್ತಾ ಹುಡುಗ ಕೇಳಿದ. "ಹೊಸ ಓಪನ್‌ಕೋರ್ ಹಾಕಿದ್ರೆ ಇಪ್ಪತ್ತು ನಿಮಿಷದ ಕೆಲಸ ಅಣ್ಣ. ಮಾಡಿಕೊಡಿ." ಮಾಡಲು ಬರುತ್ತಿತ್ತು. ನಾನು ಬೇಡ ಅಂದೆ. ಅವನು ಬಿಡಲಿಲ್ಲ. "ಮ್ಯಾಕ್ ಓಎಸ್ ಪುಕ್ಕಟೆ ಐತಲ್ಲಣ್ಣ. ಆಪಲ್‌ನವರೇ ಡೌನ್‌ಲೋಡ್‌ಗೆ ಇಟ್ಟಾರೆ. ಕದ್ದಂಗೆ ಹೆಂಗಾತು?"

ಈ ಪ್ರಶ್ನೆಗೆ ಉತ್ತರ ಅವನು ಅಂದುಕೊಂಡಷ್ಟು ಸುಲಭ ಅಲ್ಲ. ನಾನು ಅಂದುಕೊಂಡಷ್ಟು ಸುಲಭವೂ ಅಲ್ಲ. ಯಾಕಂದ್ರೆ ನಾನೇ ಒಂದು ಹ್ಯಾಕಿಂಟಾಶ್ ಮಾಡಿದ್ದೆ. ಸ್ನೋ ಲೆಪರ್ಡ್ ಅನ್ನೋ ಮ್ಯಾಕ್ ಓಎಸ್ ಆವೃತ್ತಿ 2009ರ ಆಗಸ್ಟ್‌ನಲ್ಲಿ ಬಂತು. ಅದರ ಡಿವಿಡಿಯನ್ನು ದುಡ್ಡು ಕೊಟ್ಟು ಬೆಂಗಳೂರಿನಿಂದ ತರಿಸಿ ನನ್ನ ರೂಮಿನ ಪಿಸಿಗೆ ಹಾಕಿದೆ. ಕಲಿಯಬೇಕು ಅನ್ನೋ ಆಸೆ. "ದುಡ್ಡು ಕೊಟ್ಟಿದೀನಿ, ಎಲ್ಲಿ ಬೇಕಾದ್ರೂ ಹಾಕ್ತೀನಿ" ಅನ್ನೋದೇ ಆಗ ನನ್ನ ವಾದ. ಲೈಸೆನ್ಸ್‌ನಲ್ಲಿ "ಆಪಲ್ ಬ್ರ್ಯಾಂಡ್‌ನ ಕಂಪ್ಯೂಟರ್" ಮೇಲೆ ಮಾತ್ರ ಅಂತ ಇತ್ತು. ಅದಕ್ಕೂ ಹಿಂದಿನ ಲೆಪರ್ಡ್‌ನಲ್ಲಿ "ಆಪಲ್ ಲೇಬಲ್ ಇರುವ" ಅಂತ ಇತ್ತು. ಪೆಟ್ಟಿಗೆಯಲ್ಲಿ ಬಂದ ಸೇಬಿನ ಸ್ಟಿಕ್ಕರ್ ಪಿಸಿಗೆ ಅಂಟಿಸಿದರೆ ಲೇಬಲ್ ಬಂದಂಗೆ ಆಯ್ತಲ್ಲ ಅಂತ ವಾದಿಸಿದವರೂ ಇದ್ದರು.

ಈ ಲೇಬಲ್ ವಾದ ಹೇಳಿದಾಗ ಮಾಲೀಕರು ಬಾಯಿ ಹಾಕಿದರು. ಅವರ ತಮ್ಮ ಜೀನ್ಸ್ ಹೊಲಿಯುವ ಘಟಕ ನಡೆಸುತ್ತಾರೆ. "ಲೇಬಲ್ ಹಚ್ಚಿದ್ರೆ ಪ್ಯಾಂಟು ಅವರದಾಗಲ್ಲಪ್ಪ. ಅವರು ಹೊಲಿಸಿ ಹಚ್ಚಿದ್ರೆ ಅವರದು" ಅಂದರು. ಬಳ್ಳಾರಿಯವರಿಗೆ ಇದನ್ನು ಕಾನೂನು ಪುಸ್ತಕದಿಂದ ಹೇಳಿಕೊಡಬೇಕಾಗಿಲ್ಲ.

ದುಡ್ಡು ಕೊಟ್ಟ ವಾದಕ್ಕೆ ಬರುತ್ತೇನೆ. ಸ್ನೋ ಲೆಪರ್ಡ್‌ಗೆ ಅಮೆರಿಕದಲ್ಲಿ 29 ಡಾಲರ್. ಅದರ ಹಿಂದಿನ ಲೆಪರ್ಡ್‌ಗೆ 129 ಡಾಲರ್ ಇತ್ತು. ಇಷ್ಟು ಕಡಿಮೆ ಯಾಕೆ? 29 ಡಾಲರ್ ಅನ್ನೋದು ಆಗಲೇ ಮ್ಯಾಕ್ ಕೊಂಡು ಲೆಪರ್ಡ್ ಬಳಸುತ್ತಿದ್ದವರಿಗೆ ಇಟ್ಟ ಬೆಲೆ. 2013ರ ಅಕ್ಟೋಬರ್‌ನಲ್ಲಿ ಮ್ಯಾವರಿಕ್ಸ್ ಬಂದಾಗ ಅದೂ ಹೋಗಿ ಪೂರ್ತಿ ಉಚಿತವಾಯಿತು. ಓಎಸ್ ಮಾಡುವ ಖರ್ಚು ಇಲ್ಲದಂತೆ ಆಗಲಿಲ್ಲ. ಅದು ಮಷಿನ್ ಬೆಲೆಯೊಳಗೆ ಸೇರಿಕೊಂಡಿತು. ಅಂದರೆ ನನ್ನ ಡಿವಿಡಿ ಕಾಲದಲ್ಲಿ ಅರ್ಧ ನಿಜವಾಗಿದ್ದ ವಾದ, ಹುಡುಗನ ಕಾಲಕ್ಕೆ ಪೂರ್ತಿ ಸವೆದಿತ್ತು.

ನಮ್ಮ ಖಾನಾವಳಿಗಳಲ್ಲಿ ಊಟದ ದುಡ್ಡು ಕೊಟ್ಟವರಿಗೆ ಸಾರು ಎಷ್ಟು ಬೇಕಾದರೂ ಹಾಕುತ್ತಾರೆ. ಪುಕ್ಕಟೆ. ಮನೆಯಿಂದ ಡಬ್ಬಿಯಲ್ಲಿ ಅನ್ನ ತಂದು ಕೂತು, ಸಾರು ಮಾತ್ರ ಹಾಕ್ರಿ ಅಂದರೆ? ಹುಡುಗನಿಗೆ ಇದನ್ನೇ ಕೇಳಿದೆ. ಅವನು ಜಾಣ. "ಸಾರು ಖಾಲಿ ಆಗ್ತೈತೆ ಅಣ್ಣ, ಸಾಫ್ಟ್‌ವೇರ್ ಆಗಲ್ಲ" ಅಂದ. ಒಪ್ಪಿದೆ. ಒಂದು ಪ್ರತಿ ಜಾಸ್ತಿ ಆದರೆ ಆಪಲ್‌ಗೆ ಪಾತ್ರೆ ಖಾಲಿ ಆಗಲ್ಲ. ಆದರೆ ಒಲೆ ಮುಂದೆ ನಿಂತವರ ಕೂಲಿ ಊಟದ ದುಡ್ಡಿನಿಂದ ಬರುತ್ತದೆ, ಸಾರಿನಿಂದ ಅಲ್ಲ. ಊಟ ಕೊಳ್ಳದೆ ಸಾರು ಸುರಿದುಕೊಂಡು, ಆ ಸಾರಿನಿಂದಲೇ ನಾಲ್ಕು ವರ್ಷ ಸಂಪಾದನೆ ಮಾಡಿದರೆ ಅದು ಬರೀ ರುಚಿ ನೋಡಿದಂತೆ ಅಲ್ಲ.

ಆಪಲ್ ಹೀಗೆ ಕಟ್ಟಿಹಾಕುವುದಕ್ಕೂ ಒಂದು ಹಿನ್ನೆಲೆ ಇದೆ. 1995ರಲ್ಲಿ ಅದು ಬೇರೆ ಕಂಪನಿಗಳಿಗೆ ಮ್ಯಾಕ್ ತರದ ಮಷಿನ್ ಮಾಡಲು ಅನುಮತಿ ಕೊಟ್ಟಿತು. ಪವರ್ ಕಂಪ್ಯೂಟಿಂಗ್ ಅನ್ನೋ ಕಂಪನಿ ಕಡಿಮೆ ಬೆಲೆಗೆ ಜೋರು ಮಷಿನ್ ಮಾರಿತು. ಕೊಂಡವರು ಆಪಲ್‌ನ ಗಿರಾಕಿಗಳೇ. 1997ರಲ್ಲಿ ವಾಪಸ್ ಬಂದ ಸ್ಟೀವ್ ಜಾಬ್ಸ್ ಅದನ್ನು ನಿಲ್ಲಿಸಿದರು. ಪವರ್ ಕಂಪ್ಯೂಟಿಂಗ್‌ನ ಮ್ಯಾಕ್ ವ್ಯವಹಾರವನ್ನು ಆಪಲ್ 10 ಕೋಟಿ ಡಾಲರ್‌ನ ಷೇರು ಕೊಟ್ಟು ಕೊಂಡುಕೊಂಡಿತು. 2006ರಲ್ಲಿ ಇಂಟೆಲ್ ಮ್ಯಾಕ್ ಬಂದ ಮೇಲೆ ಒಳಗಿನ ಸಾಮಾನು ನಮ್ಮ ಪಿಸಿ ತರವೇ ಆಯಿತು. ಉಳಿದದ್ದು ಒಂದು ಸಣ್ಣ ಬೀಗ. ಓಎಸ್ ಶುರುವಾಗುವಾಗ ಆಪಲ್ ಚಿಪ್‌ನಿಂದ ಒಂದು ವಾಕ್ಯ ಕೇಳುತ್ತದೆ. ಆ ವಾಕ್ಯವೇ ಬೀಗದ ಕೈ. ನಮ್ಮ ದುಡಿಮೆಯನ್ನು ಈ ಮಾತುಗಳು ಕಾಯುತ್ತಿವೆ, ದಯವಿಟ್ಟು ಕದಿಯಬೇಡಿ ಅನ್ನೋದು ಅದರ ಅರ್ಥ. ಹ್ಯಾಕಿಂಟಾಶ್ ಪ್ರತಿ ಸಲ ಆನ್ ಆಗುವಾಗ ಆ ಚಿಪ್‌ನಂತೆ ನಟಿಸುವ ಸಾಫ್ಟ್‌ವೇರ್ ಒಂದು ಅದೇ ವಾಕ್ಯ ಹೇಳಿ ಬಾಗಿಲು ತೆಗೆಸುತ್ತದೆ. ಇದು ಗೊತ್ತಾದ ದಿನ ನನ್ನ ರೂಮಿನ ಪಿಸಿ ಬಗ್ಗೆ ನನಗೆ ಮುಜುಗರ ಆಗಿತ್ತು.

ದುಡ್ಡು ಕೊಟ್ಟು ಹಾಕಿ ಮಾರಿದವರು

ಸ್ಟುಡಿಯೋ ಮಾಲೀಕರು ಕೇಳಿದರು: "ಅಂಗಡಿಯವರು ಒಂದೊಂದು ಮಷಿನ್‌ಗೆ ಒಂದೊಂದು ಸಿಡಿ ಕೊಂಡು ಹಾಕಿದ್ರೆ ಸರಿ ಆಗ್ತಿತ್ತಾ?" ಅಮೆರಿಕದ ಸೈಸ್ಟಾರ್ ಕಂಪನಿ ಹೇಳಿದ್ದೂ ಇದನ್ನೇ. ಫ್ಲಾರಿಡಾದ ಈ ಕಂಪನಿ 2008ರ ಏಪ್ರಿಲ್‌ನಲ್ಲಿ ಮ್ಯಾಕ್ ಓಎಸ್ ಹಾಕಿದ ಪಿಸಿ ಮಾರಲು ಶುರು ಮಾಡಿತು. ಪ್ರತಿ ಮಷಿನ್‌ಗೂ ಒಂದು ಡಿವಿಡಿ ಕೊಂಡಿದ್ದೇವೆ ಅಂತ ವಾದಿಸಿತು. ಜುಲೈನಲ್ಲಿ ಆಪಲ್ ಕೇಸ್ ಹಾಕಿತು.

2009ರ ನವೆಂಬರ್‌ನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಆಪಲ್ ಪರ ತೀರ್ಪು ಕೊಟ್ಟರು. ಡಿವಿಡಿ ಪೆಟ್ಟಿಗೆಯಲ್ಲಿ ಇತ್ತು, ನಿಜ. ಆದರೆ ಮಷಿನ್‌ಗೆ ಹೋದದ್ದು ಆ ಡಿವಿಡಿಯಿಂದ ಅಲ್ಲ. ಸೈಸ್ಟಾರ್ ಒಂದು ಮಾಸ್ಟರ್ ಪ್ರತಿ ಮಾಡಿ, ಬೂಟ್‌ಲೋಡರ್ ಬದಲಿಸಿ, ಅದನ್ನೇ ಎಲ್ಲ ಮಷಿನ್‌ಗೂ ಇಳಿಸುತ್ತಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಆಪಲ್ ಪರವೇ ನಿಂತಿತು. ಆಪಲ್ ಕಾಪಿರೈಟನ್ನು ದುರುಪಯೋಗ ಮಾಡುತ್ತಿದೆ ಅನ್ನೋ ವಾದವನ್ನು ಅದು ಒಪ್ಪಲಿಲ್ಲ. ನಿನ್ನದೇ ಓಎಸ್ ಮಾಡಿಕೋ, ನಿನ್ನದೇ ಮಷಿನ್ ಮಾಡಿಕೋ, ಅದಕ್ಕೆ ಆಪಲ್ ಅಡ್ಡ ಬಂದಿಲ್ಲ, ತನ್ನದನ್ನು ಎಲ್ಲಿ ಬಳಸಬೇಕು ಅಂತಷ್ಟೇ ಹೇಳಿದೆ ಅನ್ನೋದು ಅದರ ತರ್ಕ.

ಅದು ಅಮೆರಿಕದ ಕಾನೂನು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ಒಂದು ಮೃದುವಾದ ಮಾತಿದೆ. ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವನು ಅದನ್ನು ಕೊಟ್ಟ ಉದ್ದೇಶಕ್ಕೆ ಬಳಸಲು ಬೇಕಾದ ಪ್ರತಿ ಮಾಡಿಕೊಳ್ಳಬಹುದು, ಹೊಂದಿಸಿಕೊಳ್ಳಬಹುದು. 2012ರಲ್ಲಿ ಸೇರಿಸಿದ 65ಎ ಕಲಮು ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧ ಅನ್ನುತ್ತದೆ, ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶ ಇರಬೇಕು ಅಂತಲೂ ಹೇಳುತ್ತದೆ. ಮನೆಯಲ್ಲಿ ಕೂತು ಕಲಿಯುವ ಹುಡುಗನ ಪರ ಇಲ್ಲಿ ಮಾತಾಡಲು ಜಾಗ ಇದೆ ಅಂತ ನನಗೆ ಅನ್ನಿಸುತ್ತದೆ. ಕ್ರ್ಯಾಕ್ ಮಾಡಿದ ಫೈನಲ್ ಕಟ್ ಪರ ಇಲ್ಲ. ಅಕ್ರಮ ಪ್ರತಿ ಅಂತ ಗೊತ್ತಿದ್ದೂ ಬಳಸಿದರೆ 63ಬಿ ಕಲಮು: ಕನಿಷ್ಠ ಏಳು ದಿನ, ಗರಿಷ್ಠ ಮೂರು ವರ್ಷ ಜೈಲು, ಜೊತೆಗೆ 50,000ದಿಂದ 2 ಲಕ್ಷ ರೂಪಾಯಿ ದಂಡ. ಇದನ್ನು ಓದಿ ಹೇಳಿದಾಗ ಮಾವ ಅಳಿಯನ ಮುಖ ನೋಡಿದರು. ಹುಡುಗ ತಲೆ ತಗ್ಗಿಸಿದ.

ಸೀರಿಯಲ್ ನಂಬರ್

ನನ್ನ ಮನಸ್ಸು ಗಟ್ಟಿಯಾದದ್ದು ಇದರಿಂದಲ್ಲ. ಸ್ಟುಡಿಯೋ ಮಷಿನ್‌ನ ಓಪನ್‌ಕೋರ್ ಫೋಲ್ಡರ್ ತೆರೆದು ನೋಡಿದೆ. ಮಷಿನ್ ತಾನು 2019ರ ಐಮ್ಯಾಕ್ ಅಂತ ಹೇಳಿಕೊಳ್ಳುತ್ತಿತ್ತು. ಅದಕ್ಕೊಂದು ಸೀರಿಯಲ್ ನಂಬರ್. ಆ ನಂಬರ್ ಎಲ್ಲೋ ನೋಡಿದಂತೆ ಅನ್ನಿಸಿತು. ಸರ್ವಿಸ್‌ಗೆ ಬಂದ ಮಷಿನ್‌ಗಳ ವಿವರವನ್ನು ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಐದಾರು ತಿಂಗಳ ಹಿಂದೆ ಹೊಸಪೇಟೆಯ ಇನ್ನೊಂದು ಸ್ಟುಡಿಯೋದ ಮಷಿನ್ ಬಂದಿತ್ತು. ಆಪಲ್ ಐಡಿ ಪದೇ ಪದೇ ಲಾಕ್ ಆಗುತ್ತೆ ಅನ್ನೋದು ಅವರ ದೂರು. ನೋಟ್‌ಬುಕ್ ತೆಗೆದೆ. ಅದೇ ನಂಬರ್.

ಅಂದರೆ ಅಂಗಡಿಯವರು ಒಂದೇ ಫೋಲ್ಡರ್ ಅನ್ನು ಎಲ್ಲರಿಗೂ ಕಾಪಿ ಮಾಡಿ ಕೊಟ್ಟಿದ್ದರು. ಸೈಸ್ಟಾರ್ ಮಾಸ್ಟರ್ ಪ್ರತಿಯಂತೆ. ಸ್ವಂತಕ್ಕೆ ಹ್ಯಾಕಿಂಟಾಶ್ ಮಾಡುವವರು ಕೂಡ ಇದನ್ನು ಮಾಡಲ್ಲ. ಹೊಸ ನಂಬರ್ ಹುಟ್ಟಿಸಿ, ಅದು ಆಪಲ್ ದಾಖಲೆಯಲ್ಲಿ ಯಾರ ಮಷಿನ್‌ಗೂ ಸೇರಿಲ್ಲ ಅಂತ ನೋಡಿಕೊಂಡು ಬಳಸಿ ಅಂತಲೇ ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಿಯಮ ಮುರಿಯುವವರಲ್ಲೂ ಇನ್ನೊಬ್ಬರಿಗೆ ತೊಂದರೆ ಆಗಬಾರದು ಅನ್ನೋ ಎಚ್ಚರ ಇದೆ. ದುಡ್ಡು ತಗೊಂಡು ಮಾರಿದವರಲ್ಲಿ ಅದು ಇರಲಿಲ್ಲ.

ಆಗ ನನಗೆ ಪ್ರಶ್ನೆಯೇ ಬದಲಾಯಿತು. ಆಪಲ್‌ಗೆ ಎಷ್ಟು ನಷ್ಟ ಅಂತ ನಾನು ಇಲ್ಲಿ ಕೂತು ಅಳೆಯಲಾರೆ. ಆದರೆ ಅಪಾಯ ಯಾರ ತಲೆಗೆ ಬಂತು ಅನ್ನೋದು ನನ್ನ ಕಣ್ಣೆದುರೇ ಇತ್ತು. ನಾನು ರೂಮಿನಲ್ಲಿ ಮಾಡಿಕೊಂಡಾಗ ಕೆಟ್ಟರೆ ನನ್ನದು ಕೆಡುತ್ತಿತ್ತು. ಇಲ್ಲಿ ಅಂಗಡಿಯವರಿಗೆ ಎಲ್ಲ ಗೊತ್ತಿತ್ತು. ಹುಡುಗನಿಗೆ ಅರ್ಧ ಗೊತ್ತಿತ್ತು. ಮಾಲೀಕರಿಗೆ ಗೊತ್ತಿರಲಿಲ್ಲ. ಮದುವೆ ಮನೆಯವರಿಗಂತೂ ಮ್ಯಾಕ್ ಅಂದರೆ ಏನು, ಲೈಸೆನ್ಸ್ ಅಂದರೆ ಏನು ಅನ್ನೋದೇ ಬೇಕಿರಲಿಲ್ಲ. ಒಪ್ಪಿಗೆ ಬಟನ್ ಒತ್ತಿದವರು ಅವರಲ್ಲ. ಆದರೆ ಅಜ್ಜನ ಅಕ್ಷತೆ ಕಳೆದುಕೊಳ್ಳುವವರು ಅವರೇ ಆಗಿದ್ದರು. ಇದು ತಪ್ಪು. ಲೈಸೆನ್ಸ್ ಏನೇ ಹೇಳಲಿ, ಇದು ತಪ್ಪು.

ಇದೇ ಓಪನ್‌ಕೋರ್‌ನಿಂದ ಹುಟ್ಟಿದ ಇನ್ನೊಂದು ಸಾಧನ ಇದೆ. ಆಪಲ್ ಕೈಬಿಟ್ಟ ಹಳೇ ಮ್ಯಾಕ್‌ಗಳಿಗೆ ಹೊಸ ಓಎಸ್ ಹಾಕುತ್ತದೆ. ಅದನ್ನು ನಾನು ಗಿರಾಕಿಗಳಿಗೆ ಎಲ್ಲ ಬಿಡಿಸಿ ಹೇಳಿ ಹಾಕಿಕೊಡುತ್ತೇನೆ, ಸಂಕೋಚ ಇಲ್ಲ. ಮಷಿನ್ ಆಪಲ್‌ನದೇ, ದುಡ್ಡು ಕೊಟ್ಟಾಗಿದೆ, ಕಸಕ್ಕೆ ಹೋಗುವುದು ತಪ್ಪುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತ ಮೇಲೆ, ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲದ ಪಿಸಿಗೆ ವಿಂಡೋಸ್ 11 ಹಾಕಿ ಅಂತ ಬರುವವರೂ ಜಾಸ್ತಿ. ಅವರ ಲೈಸೆನ್ಸ್ ಅಸಲಿಯಾಗಿದ್ದರೆ ಅಲ್ಲೂ ನನ್ನ ಮಾತು ಒಂದೇ: ಮುಂದೆ ಅಪ್‌ಡೇಟ್ ಬರದೇ ಹೋಗಬಹುದು, ಗೊತ್ತಿದ್ದು ಹಾಕಿಸಿಕೊಳ್ಳಿ.

ಕೊನೆಗೆ ಮಾಡಿದ್ದು

ಬೇಡ ಅಂದು ಕೈ ತೊಳೆದುಕೊಂಡಿದ್ದರೆ ಅದೂ ಅನ್ಯಾಯವೇ. ಸೀಸನ್ ನಡುವೆ ಕೆಲಸ ನಿಂತರೆ ಆ ಮನೆ ನಡೆಯಲ್ಲ. ನನ್ನದೊಂದು ಎಂ1 ಮ್ಯಾಕ್‌ಬುಕ್ ಏರ್ ಇತ್ತು. ಹದಿನೈದು ದಿನಕ್ಕೆ ಕೊಟ್ಟೆ. ಫೈನಲ್ ಕಟ್‌ಗೆ ಆಗ ಆಪಲ್ 90 ದಿನದ ಉಚಿತ ಪ್ರಯೋಗ ಕೊಡುತ್ತಿತ್ತು. ನಾಲ್ಕು ವರ್ಷ ಕ್ರ್ಯಾಕ್ ಬಳಸಿದ ಹುಡುಗನಿಗೆ ಇದು ಗೊತ್ತೇ ಇರಲಿಲ್ಲ. ಅದನ್ನೇ ಹಾಕಿದೆವು. ಎರಡೂ ಮದುವೆ ಅದರಲ್ಲೇ ಮುಗಿಯಿತು.

ಆಮೇಲೆ ಲೆಕ್ಕ ಹಾಕಿದೆವು. ಆಗ ಎಂ4 ಮ್ಯಾಕ್ ಮಿನಿ 59,900 ರೂಪಾಯಿಯಿಂದ ಶುರು ಇತ್ತು. ಆ ಮಾದರಿಯಲ್ಲಿ 16 ಜಿಬಿ ರ‍್ಯಾಮ್ ಇದೆ. ಜಾಗ ಇನ್ನೂ 256 ಜಿಬಿಯೇ, ಆದರೆ ಫುಟೇಜ್ ಹೊರಗಿನ ಡಿಸ್ಕ್‌ನಲ್ಲಿ ಇಡಬಹುದು. ಹೊರಡುವಾಗ ಮಾಲೀಕರು ಬಾಗಿಲಲ್ಲಿ ನಿಂತು, "ಆವತ್ತೇ ಸ್ವಲ್ಪ ತಡ್ಕೊಂಡಿದ್ರೆ ಆಗ್ತಿತ್ತು" ಅಂದರು. ಕಂತಿನಲ್ಲಿ ಮಿನಿ ತಗೊಂಡರು. ಹಳೇ ಪಿಸಿ ಕಸವಾಗಲಿಲ್ಲ. ಅದಕ್ಕೆ ಅಸಲಿ ವಿಂಡೋಸ್ ಕೊಂಡು, ವಿಂಡೋಸ್‌ನಲ್ಲೂ ಓಡುವ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಹಾಕಿದೆವು. ಈಗ ಅದರಲ್ಲಿ ಸ್ಥಳೀಯ ಮದುವೆಗಳ ಕೆಲಸ, ಮಿನಿಯಲ್ಲಿ ಬೆಂಗಳೂರಿನ ಕೆಲಸ. ರಾತ್ರಿ ಎರಡು ಕಡೆ ಬ್ಯಾಕಪ್ ಆಗದೆ ಕ್ಯಾಮೆರಾ ಕಾರ್ಡ್ ಅಳಿಸಬಾರದು ಅಂತ ಮಾವ ಗೋಡೆಗೆ ಬರೆದು ಅಂಟಿಸಿದ್ದಾರೆ.

ಮಷಿನ್ ಮಾರಿದ ಅಂಗಡಿಗೂ ಹೋಗಿದ್ದೆ. ಜಗಳಕ್ಕೆ ಅಲ್ಲ. ಸೀರಿಯಲ್ ನಂಬರ್ ವಿಷಯ ಹೇಳಿದೆ. "ಗಿರಾಕಿಗಳೇ ಕೇಳ್ತಾರೆ, ನಾವು ಹಾಕಿ ಕೊಡ್ತೀವಿ" ಅಂದರು. ಕೇಳಿದವರಿಗೆ ಇದು ಏನು ಅಂತ ಬಿಲ್ ಮೇಲೆ ಬರೆದು ಕೊಡಿ ಅಂದೆ. ಬರೆದರೆ ಯಾರು ತಗೋತಾರೆ ಅಂದರು.

ಹೊಸಪೇಟೆಯವರಿಗೆ ಆ ದಿನವೇ ಫೋನ್ ಮಾಡಿದೆ. ನಿಮ್ಮ ನಂಬರ್ ಇನ್ನೊಂದು ಮಷಿನ್‌ನಲ್ಲೂ ಇತ್ತು, ಐಡಿ ಲಾಕ್ ಆಗೋದಕ್ಕೆ ಅದೇ ಕಾರಣ ಇರಬಹುದು ಅಂತ ಹೇಳಿದೆ. "ಸೀಸನ್ ಮುಗೀಲಿ ಸಾರ್, ನೋಡೋಣ" ಅಂದರು. ಅಪ್‌ಡೇಟ್ ಒತ್ತಬೇಡಿ, ಇವತ್ತೇ ಒಂದು ಬ್ಯಾಕಪ್ ತಗೊಳ್ಳಿ ಅಂದೆ. ಹೂಂ ಅಂದರು. ಮೊನ್ನೆ ಮತ್ತೆ ವಿಚಾರಿಸಿದೆ. ಬ್ಯಾಕಪ್ ತಗೊಂಡಿದ್ದಾರೆ. ಮಷಿನ್ ಇನ್ನೂ ಅದೇ.